ಗರ್ಭಿಣಿಯ ಅಂಗೈಯಲ್ಲಿ ಒಂದು ಮಾತ್ರೆ

ಒಂದು ಭಾನುವಾರ ಬಲಿಪೂಜೆ ಮುಗಿದು ಜನರು ಚದುರಿದ ಮೇಲೆ, ಹಸುಗೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬ ತಾಯಿ ಗುರುಮನೆಯ ಜಗಲಿಯ ಮೇಲೆ ಕಾದು ಕುಳಿತಿದ್ದಳು. ಗಣಿ ಲೈನಿನ ಮನೆಯವಳು. ಮಗುವಿನ ಮೇಲ್ತುಟಿ ಸೀಳಿತ್ತು. ದೀಕ್ಷಾಸ್ನಾನದ ದಿನ ಗೊತ್ತುಪಡಿಸಲು ಬಂದಿದ್ದಾಳೆಂದು ನಾನು ಭಾವಿಸಿದ್ದೆ. ಆಕೆ ಕೇಳಿದ್ದು ಬೇರೆಯೇ ಪ್ರಶ್ನೆ. "ಸ್ವಾಮಿ, ಏಳನೆಯ ತಿಂಗಳಲ್ಲಿ ಜ್ವರ ಬಂದಾಗ ಅಂಗಡಿಯಿಂದ ಒಂದು ಮಾತ್ರೆ ತರಿಸಿ ನುಂಗಿದೆ. ಅದರಿಂದಲೇ ಹೀಗಾಯಿತೆಂದು ಅತ್ತೆ ಹೇಳುತ್ತಾರೆ. ನನ್ನ ಮಗುವಿಗೆ ನಾನೇ ಹೀಗೆ ಮಾಡಿದೆನೇ?"

ಪಾಪನಿವೇದನೆಯ ಪೀಠದಲ್ಲಲ್ಲ, ಜಗಲಿಯ ಮೇಲೆ, ಅತ್ತೆಯ ಎದುರಿನಲ್ಲಿಯೇ ಕೇಳಿದ ಪ್ರಶ್ನೆಯಿದು. ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಕಲಿತ ಮೊದಲ ಪಾಠಗಳಲ್ಲಿ ಒಂದು ಅಂದು ನೆರವಿಗೆ ಬಂದಿತು: ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದರ ಕಾರಣವಾಗುವುದಿಲ್ಲ, ಕಾರ್ಯವಾದ ಮೇಲೆ ಬಂದದ್ದಂತೂ ಅದರ ಕಾರಣವಾಗುವುದು ಸಾಧ್ಯವೇ ಇಲ್ಲ. ಗರ್ಭಸ್ಥ ಶಿಶುವಿನ ಮೇಲ್ತುಟಿ ಕೂಡಿಕೊಳ್ಳುವುದು ಗರ್ಭಧಾರಣೆಯ ನಂತರದ ಸುಮಾರು ಏಳನೆಯ ವಾರದೊಳಗೆ. ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಅಂಗುಳವೂ ಕೂಡಿರುತ್ತದೆ. ಏಳನೆಯ ತಿಂಗಳಲ್ಲಿ ನುಂಗಿದ ಮಾತ್ರೆಯು ನಾಲ್ಕು ತಿಂಗಳು ಹಿಂದಕ್ಕೆ ನಡೆದು ತುಟಿಯನ್ನು ಸೀಳಲಾರದು. ಇಷ್ಟನ್ನು ವೈದ್ಯರಿಂದಲೇ ಕೇಳಿ ತಿಳಿಯಲೆಂದು ಅತ್ತೆ ಸೊಸೆಯರಿಬ್ಬರನ್ನೂ ಆಸ್ಪತ್ರೆಗೆ ಕಳುಹಿಸಿದೆ. ವೈದ್ಯರೂ ಅದನ್ನೇ ಹೇಳಿದರು. ಮಗುವಿನ ತುಟಿಗೆ ಶಸ್ತ್ರಚಿಕಿತ್ಸೆಯಾಯಿತು. ತಾಯಿಯ ಮನಸ್ಸಿನ ಗಾಯ ಮಾಯಲು ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಅದಾದ ಕೆಲವು ತಿಂಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಘಟನೆಯೊಂದು ನಡೆಯಿತು. ಅಪಸ್ಮಾರ, ಅಂದರೆ ಮೂರ್ಛೆರೋಗಕ್ಕೆ ವರ್ಷಗಳಿಂದ ಮಾತ್ರೆ ಸೇವಿಸುತ್ತಿದ್ದ ಯುವತಿಯೊಬ್ಬಳು, ಬಸಿರಾದೊಡನೆ ನೆರೆಯವರ ಮಾತು ಕೇಳಿ ಎಲ್ಲ ಮಾತ್ರೆಗಳನ್ನೂ ಒಮ್ಮೆಲೇ ನಿಲ್ಲಿಸಿಬಿಟ್ಟಳು. ಗಂಡ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಒಬ್ಬಳೇ ಇದ್ದಾಗ ಮೂರ್ಛೆ ಬಂದು ಒಲೆಯ ಬಳಿ ಬಿದ್ದಳು, ತೋಳು ಸುಟ್ಟಿತು. ದೇವರ ದಯೆಯಿಂದ ತಾಯಿಯೂ ಮಗುವೂ ಉಳಿದರು. ಒಬ್ಬಳು ಮಾತ್ರೆ ನುಂಗಿದ್ದಕ್ಕಾಗಿ ಕಣ್ಣೀರಿಟ್ಟಳು; ಇನ್ನೊಬ್ಬಳು ಮಾತ್ರೆ ಬಿಟ್ಟಿದ್ದಕ್ಕಾಗಿ ಪ್ರಾಣವನ್ನೇ ಕಳೆದುಕೊಳ್ಳುವುದರಲ್ಲಿದ್ದಳು. ಈ ಎರಡು ಮನೆಗಳ ನಡುವಿನ ದಾರಿಯೇ ಇಂದಿನ ಲೇಖನದ ವಿಷಯ.

ಜಗತ್ತು ಕಲಿತ ಕಹಿ ಪಾಠ

ತಾಯಿ ನುಂಗಿದ್ದು ಮಗುವನ್ನು ಮುಟ್ಟುವುದಿಲ್ಲ, ಗರ್ಭಕೋಶವೆಂಬುದು ಭದ್ರವಾದ ಕೋಟೆ ಎಂದು ವೈದ್ಯಲೋಕವೇ ಬಹುಮಟ್ಟಿಗೆ ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಯನ್ನು ಒಡೆದದ್ದು ಥಾಲಿಡೊಮೈಡ್ ಎಂಬ ಔಷಧ. 1957ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯ ಗ್ರುನೆಂತಾಲ್ ಕಂಪನಿ ಇದನ್ನು ನಿದ್ರೆಯ ಮಾತ್ರೆಯೆಂದು ಮಾರುಕಟ್ಟೆಗೆ ತಂದಿತು. ವೈದ್ಯರ ಚೀಟಿಯಿಲ್ಲದೆಯೇ ಅದು ದೊರೆಯುತ್ತಿತ್ತು. ಬಸಿರಿಯರ ವಾಕರಿಕೆಗೂ ಒಳ್ಳೆಯದೆಂದು ಅನೇಕರು ಸೇವಿಸಿದರು. ಕೈಕಾಲುಗಳು ಮೊಟಕಾದ, ಕಿವಿ, ಕಣ್ಣು, ಹೃದಯಗಳಲ್ಲಿ ದೋಷವಿದ್ದ ಶಿಶುಗಳು ಹುಟ್ಟತೊಡಗಿದವು. ಜರ್ಮನಿಯಲ್ಲಿ ವಿಡುಕಿಂಡ್ ಲೆಂಜ್, ಆಸ್ಟ್ರೇಲಿಯಾದಲ್ಲಿ ವಿಲಿಯಂ ಮ್ಯಾಕ್‌ಬ್ರೈಡ್ ಎಂಬ ವೈದ್ಯರು ಇದನ್ನು ಗುರುತಿಸಿ ಎಚ್ಚರಿಸಿದರು. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಆ ಮಾತ್ರೆಯನ್ನು ಹಿಂತೆಗೆಯಲಾಯಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅದಕ್ಕೆ ಬಲಿಯಾಗಿದ್ದರು. ಅಮೆರಿಕದಲ್ಲಿ ಮಾತ್ರ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ, ಸುರಕ್ಷತೆಯ ಪುರಾವೆ ಸಾಲದೆಂದು ಹೇಳಿ, ಕಂಪನಿಯ ಒತ್ತಡಕ್ಕೆ ಮಣಿಯದೆ ಅನುಮತಿಯನ್ನು ತಡೆಹಿಡಿದರು. ಒಬ್ಬ ವ್ಯಕ್ತಿಯ ಕರ್ತವ್ಯನಿಷ್ಠೆ ಎಷ್ಟು ಮನೆಗಳನ್ನು ಕಾಯಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆ ಕಂಪನಿಯ ಮುಖ್ಯಸ್ಥರು ಸಂತ್ರಸ್ತರ ಕ್ಷಮೆ ಕೋರಿದ್ದು 2012ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ.

ಆ ಔಷಧದಿಂದ ಕೆಡುಕಾಗುವ ಅವಧಿ ತೀರಾ ಚಿಕ್ಕದು: ಗರ್ಭ ನಿಂತ ಮೇಲೆ ಸುಮಾರು ಇಪ್ಪತ್ತನೆಯ ದಿನದಿಂದ ಮೂವತ್ತಾರನೆಯ ದಿನದವರೆಗೆ. ಅನೇಕ ಹೆಂಗಸರಿಗೆ ತಾವು ಗರ್ಭಿಣಿಯೆಂಬ ಅರಿವೂ ಇನ್ನೂ ಮೂಡಿರದ ದಿನಗಳವು.

ನಮ್ಮ ದೇಶದ ಕಥೆ

ಇದು ದೂರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಈಸ್ಟ್ರೊಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಬೆರೆಸಿದ ಔಷಧವನ್ನು ನಮ್ಮ ದೇಶದಲ್ಲಿ "ಬಸಿರು ನಿಂತಿದೆಯೇ ಎಂದು ನೋಡುವ ಮಾತ್ರೆ"ಯಾಗಿ ಬಹುಕಾಲ ಬಳಸಲಾಯಿತು. ಅದರಿಂದ ಗರ್ಭಸ್ಥ ಶಿಶುವಿಗೆ ಅಪಾಯವಿರಬಹುದೆಂಬ ಶಂಕೆ ಜಗತ್ತಿನಲ್ಲಿ ಎದ್ದಿತ್ತು. ಮಹಿಳಾ ಸಂಘಟನೆಗಳೂ ಆರೋಗ್ಯ ಸಂಸ್ಥೆಗಳೂ ಹೋರಾಡಿದವು. 1982ರಲ್ಲಿ ನಿಷೇಧದ ಆದೇಶ ಹೊರಟಿತು. ತಯಾರಕರು ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಕೊನೆಗೆ ಸಾರ್ವಜನಿಕ ವಿಚಾರಣೆಗಳು ನಡೆದು, 1988ರಲ್ಲಿ ನಿಷೇಧ ಜಾರಿಗೆ ಬಂದಿತು. ಆ ಔಷಧವೇ ಅಂಗದೋಷಗಳಿಗೆ ಕಾರಣವೆಂಬುದು ಸಂಪೂರ್ಣವಾಗಿ ಸಾಬೀತಾಗಿದೆಯೇ ಎಂಬ ಬಗೆಗೆ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯಿದೆ. ಆದರೂ ನಿಷೇಧ ಸರಿಯೇ ಆಗಿತ್ತು. ಮೂತ್ರಪರೀಕ್ಷೆಯಿಂದ ತಿಳಿಯಬಹುದಾದುದಕ್ಕೆ ಮಗುವನ್ನು ಒಡ್ಡಿ ಪರೀಕ್ಷಿಸುವ ಅಗತ್ಯವೇನಿತ್ತು?

ಇದರಿಂದ ಒಂದು ಸೂತ್ರ ದೊರೆಯುತ್ತದೆ. ಅನಗತ್ಯವಾದ ಔಷಧವನ್ನು ಬಿಡಲು ಶಂಕೆಯೊಂದೇ ಸಾಕು. ಅಗತ್ಯವಾದ ಔಷಧವನ್ನು ಬಿಡಲು ಶಂಕೆ ಸಾಲದು. ಔಷಧದ ಅಪಾಯ, ರೋಗದ ಅಪಾಯ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು. ಸಂತ ಥಾಮಸ್ ಅಕ್ವಿನಾಸರು ವಿವೇಕವನ್ನು ಸದ್ಗುಣಗಳ ಸಾರಥಿಯಾಗಿ ಕಂಡದ್ದು ಇಂತಹ ತೂಗುವಿಕೆಗಾಗಿಯೇ. ವಿವೇಕವೆಂದರೆ ಬರಿಯ ಹೆದರಿಕೆಯಲ್ಲ.

ಹೆದರಿಕೆಯೇ ಹಾನಿ ಮಾಡಿದ ನಿದರ್ಶನವೂ ಉಂಟು. ಬಸಿರಿನ ವಾಕರಿಕೆಗೆ ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ ಕೂಡಿದ ಮಾತ್ರೆಯೊಂದು ಅಮೆರಿಕದಲ್ಲಿ ಬಳಕೆಯಲ್ಲಿತ್ತು. ಅದರಿಂದ ಅಂಗದೋಷವಾಗುತ್ತದೆಂದು ಮೊಕದ್ದಮೆಗಳು ಹೂಡಲ್ಪಟ್ಟಾಗ 1983ರಲ್ಲಿ ಕಂಪನಿಯೇ ಅದನ್ನು ಹಿಂತೆಗೆದುಕೊಂಡಿತು. ಅನೇಕ ಅಧ್ಯಯನಗಳು ಆ ಆರೋಪವನ್ನು ಸಮರ್ಥಿಸಲಿಲ್ಲ. 2013ರಲ್ಲಿ ಅದೇ ಮದ್ದು ಅಲ್ಲಿ ಮತ್ತೆ ಮಾನ್ಯತೆ ಪಡೆಯಿತು. ನಡುವಣ ಮೂವತ್ತು ವರ್ಷ ಆ ದೇಶದ ತಾಯಂದಿರು ತಮಗೆ ನೆರವಾಗಬಹುದಾಗಿದ್ದ ಮಾತ್ರೆಯಿಲ್ಲದೆ ಕಳೆದರು. ನಮ್ಮಲ್ಲಿ ವೈದ್ಯರು ಇದನ್ನು ಇಂದಿಗೂ ಬರೆದುಕೊಡುತ್ತಾರೆ.

ಅಂಗಡಿಯ ಮಾತ್ರೆಗಳು

ನಮ್ಮ ಗಣಿ ಊರಿನ ಪರಿಸ್ಥಿತಿಯನ್ನು ಓದುಗರು ಬಲ್ಲರು. ಗಣಿಗಳು ನಡೆಯುತ್ತಿದ್ದಾಗ ಕಾರ್ಮಿಕರ ಕುಟುಂಬಗಳಿಗೆ ಗಣಿಯ ಆಸ್ಪತ್ರೆಯಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಆ ಆಸರೆ ತಪ್ಪಿತು. ಗಂಡಸರು ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಹೆಂಗಸರಿಗೆ ತಲೆನೋವು ಬಂದರೆ ಹತ್ತಿರದ ಔಷಧದ ಅಂಗಡಿಯೇ ಆಸ್ಪತ್ರೆ, ಅಂಗಡಿಯವನೇ ವೈದ್ಯ. "ಮೈಕೈ ನೋವಿಗೆ ಒಂದು ಕೊಡಿ" ಎಂದರೆ ಸಾಕು, ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಡುವುದುಂಟು. ಕತ್ತರಿಸಿದ ತುಂಡಿನ ಮೇಲೆ ಹೆಸರೂ ಉಳಿದಿರುವುದಿಲ್ಲ. ಉಳಿದಿದ್ದರೂ ಅದು ಇಂಗ್ಲಿಷ್ ಅಕ್ಷರ. ತಮಿಳು, ತೆಲುಗು, ಕನ್ನಡಗಳನ್ನಾಡುವ ನಮ್ಮ ತಾಯಂದಿರಲ್ಲಿ ಎಷ್ಟು ಮಂದಿ ಅದನ್ನು ಓದಿ ತಿಳಿಯಬಲ್ಲರು?

ಇಲ್ಲಿಯೇ ಅಪಾಯವಿರುವುದು. ಜ್ವರ, ನೋವುಗಳಿಗೆ ಗರ್ಭಿಣಿಯರಿಗೆ ವೈದ್ಯರು ಮೊದಲು ಸೂಚಿಸುವುದು ಪ್ಯಾರಸಿಟಮಾಲ್. ಕ್ರೋಸಿನ್, ಡೋಲೋ ಎಂಬ ಹೆಸರುಗಳಲ್ಲಿ ನಾವು ಬಲ್ಲ ಮಾತ್ರೆಯಲ್ಲಿರುವುದು ಇದೇ. ಆದರೆ ಕಾಂಬಿಫ್ಲಾಮ್ ಎಂಬ ಜನಪ್ರಿಯ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜೊತೆಗೆ ಐಬುಪ್ರೊಫೆನ್ ಸೇರಿದೆ. ಇನ್ನು ಕೆಲವು ನೋವಿನ ಮಾತ್ರೆಗಳಲ್ಲಿ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಇರುತ್ತದೆ. ಈ ವರ್ಗದ ನೋವುನಿವಾರಕಗಳನ್ನು ಗರ್ಭದ ಇಪ್ಪತ್ತನೆಯ ವಾರದ ನಂತರ ಸೇವಿಸಿದರೆ ಮಗುವಿನ ಮೂತ್ರಪಿಂಡಗಳಿಗೆ ತೊಂದರೆಯಾಗಿ ಗರ್ಭಜಲ ಕಡಮೆಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಅಕ್ಟೋಬರಿನಲ್ಲಿ ಎಚ್ಚರಿಸಿತು. ಕೊನೆಯ ತಿಂಗಳುಗಳಲ್ಲಿ ಸೇವಿಸಿದರೆ, ಹುಟ್ಟಿದ ನಂತರವೇ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳವೊಂದು ಗರ್ಭದಲ್ಲಿಯೇ ಮುಚ್ಚಿಕೊಳ್ಳುವ ಅಪಾಯವೂ ಉಂಟು. ಅಂಗಡಿಯವನು ಕೊಟ್ಟದ್ದು ಯಾವ ಮಾತ್ರೆಯೆಂಬುದು ತಾಯಿಗೆ ತಿಳಿದಿರದಿದ್ದರೆ ಗತಿಯೇನು?

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸರ್ಕಾರ ಪ್ಯಾರಸಿಟಮಾಲನ್ನು ಆಟಿಸಂಗೆ ತಳುಕುಹಾಕಿ ಹೇಳಿಕೆ ನೀಡಿದಾಗ ಅನೇಕ ತಾಯಂದಿರು ಗಾಬರಿಗೊಂಡರು. ಅಂತಹ ಸಂಬಂಧಕ್ಕೆ ನಿರ್ಣಾಯಕ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಕೂಡಲೇ ತಿಳಿಸಿತು. ಸ್ವೀಡನ್ನಿನಲ್ಲಿ ಇಪ್ಪತ್ತನಾಲ್ಕು ಲಕ್ಷ ಮಕ್ಕಳನ್ನು ಕುರಿತು ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಡಹುಟ್ಟಿದವರನ್ನು ಹೋಲಿಸಿ ನೋಡಿದಾಗ ಸಂಬಂಧ ಕಾಣಲಿಲ್ಲ. ತೀವ್ರ ಜ್ವರವನ್ನು ಹಾಗೆಯೇ ಬಿಡುವುದೂ ಮಗುವಿಗೆ ಕ್ಷೇಮವಲ್ಲ. ಆದ್ದರಿಂದ ನಿಯಮ ಸರಳ: ಅಗತ್ಯವಿದ್ದಾಗ, ಕಡಮೆ ಪ್ರಮಾಣದಲ್ಲಿ, ಕಡಮೆ ದಿನ, ವೈದ್ಯರನ್ನು ಕೇಳಿ.

ಇನ್ನೂ ಕೆಲವು ಔಷಧಗಳನ್ನು ಹೆಸರಿಸಲೇಬೇಕು. ಟೆಟ್ರಾಸೈಕ್ಲಿನ್ ವರ್ಗದ ಔಷಧಗಳು ನಾಲ್ಕನೆಯ ತಿಂಗಳ ನಂತರ ಮಗುವಿನ ಹಲ್ಲುಗಳ ಬಣ್ಣ ಕೆಡಿಸಬಲ್ಲವು. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಥಾಲಿಡೊಮೈಡಿನಷ್ಟೇ ಘೋರ. ಅದನ್ನು ಸೇವಿಸುವ ಯುವತಿ ಗರ್ಭಿಣಿಯಾಗಲೇಬಾರದು. ರಕ್ತದೊತ್ತಡಕ್ಕೆ ಕೊಡುವ ಎನಲಪ್ರಿಲ್ ಮತ್ತು ಅದರ ಬಳಗದ ಮಾತ್ರೆಗಳು ಮಗುವಿನ ಮೂತ್ರಪಿಂಡಗಳನ್ನು ಕೆಡಿಸಬಲ್ಲವು; ಬದಲಾಗಿ ಕೊಡಬಹುದಾದ ಬೇರೆ ಮಾತ್ರೆಗಳಿವೆ. ಹೃದಯದ ಕವಾಟ ಬದಲಿಸಿಕೊಂಡವರು ಸೇವಿಸುವ ವಾರ್ಫರಿನ್ ಗರ್ಭಕ್ಕೆ ಅಪಾಯಕಾರಿ. ಆದರೆ ಅದನ್ನು ತಾನಾಗಿ ನಿಲ್ಲಿಸಿದರೆ ತಾಯಿಗೇ ಪ್ರಾಣಾಪಾಯ. ಇಂಥವರು ಗರ್ಭ ಧರಿಸುವ ಮುನ್ನವೇ ವೈದ್ಯರೊಡನೆ ಮಾತನಾಡಬೇಕು.

"ನಾಟಿ ಮದ್ದಿಗೆ ದೋಷವಿಲ್ಲ" ಎಂಬ ಮಾತೂ ಸರಿಯಲ್ಲ. ಸೀಸ, ಪಾದರಸಗಳಿರುವ ಮದ್ದುಗಳೂ ಮಾರಾಟವಾಗುತ್ತವೆ. ಗಂಡು ಮಗುವಾಗಲೆಂದು ಬಸಿರಿಯರಿಗೆ ಕೊಡುವ ಮದ್ದುಗಳನ್ನು ಹರಿಯಾಣದಲ್ಲಿ ಪರೀಕ್ಷಿಸಿದ ಸಂಶೋಧಕರು, ಅಂಗದೋಷಗಳಿಗೂ ಅವುಗಳಿಗೂ ಸಂಬಂಧವಿರುವುದನ್ನು ಕಂಡರು. ಲಿಂಗವು ಗರ್ಭಧಾರಣೆಯ ಕ್ಷಣದಲ್ಲಿಯೇ ನಿಶ್ಚಯವಾಗಿರುತ್ತದೆ. ಹೆಣ್ಣನ್ನು ಗಂಡಾಗಿಸುವ ಮದ್ದು ಭೂಮಿಯ ಮೇಲಿಲ್ಲ. ಹುಟ್ಟುವ ಮಗುವನ್ನು ಕೆಡಿಸುವ ಮದ್ದು ಇದೆ.

ಬಿಡಬಾರದ ಔಷಧಗಳು

ನಮ್ಮ ಊರಿಗೆ ಕ್ಷಯದ ಪರಿಚಯ ಹಳೆಯದು. ಗಣಿಯ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗಿಗಳಿಗೆ ಕ್ಷಯ ಬೇಗ ತಗಲುತ್ತದೆ. ಅವರಿಂದ ಮನೆಯವರಿಗೂ ಹರಡಬಹುದು. ಕ್ಷಯದ ಚಿಕಿತ್ಸೆಯಲ್ಲಿರುವ ಗರ್ಭಿಣಿ ಮಾತ್ರೆಗಳನ್ನು ನಿಲ್ಲಿಸಬಾರದು. ಐಸೊನಿಯಾಜಿಡ್, ರಿಫಾಂಪಿಸಿನ್, ಎಥಾಂಬುಟಾಲ್ ಮೊದಲಾದವುಗಳನ್ನು ಗರ್ಭಿಣಿಯರಿಗೂ ಕೊಡಲಾಗುತ್ತದೆ. ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದನ್ನು ಮಾತ್ರ ತಪ್ಪಿಸುತ್ತಾರೆ, ಏಕೆಂದರೆ ಅದು ಮಗುವಿನ ಕಿವಿಯನ್ನು ಕಿವುಡಾಗಿಸಬಲ್ಲದು. ಹೀಗಾಗಿ ಬಸಿರಾದೊಡನೆ ಕ್ಷಯ ಚಿಕಿತ್ಸಾ ಕೇಂದ್ರಕ್ಕೆ ತಿಳಿಸುವುದು ಕರ್ತವ್ಯ. ಥೈರಾಯಿಡ್ ಮಾತ್ರೆ, ಇನ್ಸುಲಿನ್, ಉಬ್ಬಸದ ಔಷಧ ಇವುಗಳಿಗೂ ಇದೇ ಮಾತು: ಹೇಳದೆ ಬಿಡಬೇಡಿ.

ಅಪಸ್ಮಾರದ ವಿಷಯದಲ್ಲಿ ತೂಗುವಿಕೆ ಇನ್ನೂ ಸೂಕ್ಷ್ಮ. ವಾಲ್‌ಪ್ರೊಯೇಟ್ ಎಂಬ ಮದ್ದನ್ನು ಸೇವಿಸಿದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ದೊಡ್ಡ ಅಂಗದೋಷ ಕಂಡುಬಂದಿದೆ. ನೂರಕ್ಕೆ ಮೂವತ್ತರಿಂದ ನಲವತ್ತರಷ್ಟು ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆಯ ತೊಡಕುಗಳುಂಟಾಗಬಹುದು. ಇದಕ್ಕಿಂತ ಬಹಳ ಕಡಮೆ ಅಪಾಯದ ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಾಮ್ ಮುಂತಾದ ಮದ್ದುಗಳಿವೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು 1998ರಿಂದ ಅಪಸ್ಮಾರವಿರುವ ಗರ್ಭಿಣಿಯರ ದಾಖಲೆಯನ್ನಿಟ್ಟು ಈ ತಿಳಿವಿಗೆ ಅಮೂಲ್ಯ ಕಾಣಿಕೆ ನೀಡಿದೆ. ಸರಿಯಾದ ಚಿಕಿತ್ಸೆ ಪಡೆದ ಬಹುಪಾಲು ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಮದ್ದು ಬದಲಿಸುವ ಕೆಲಸ ವೈದ್ಯರದು, ಅದೂ ಮದುವೆಯ ಹೊತ್ತಿಗೆ ಅಥವಾ ಗರ್ಭಕ್ಕೆ ಮೊದಲೇ ಆಗಬೇಕು. ಮಗಳ ಅಪಸ್ಮಾರವನ್ನು ವರನ ಕಡೆಯವರಿಂದ ಮುಚ್ಚಿಟ್ಟು ಮದುವೆ ಮಾಡುವ ಮನೆಗಳಲ್ಲಿ ಆ ಮಾತುಕತೆ ನಡೆಯುವುದಾದರೂ ಹೇಗೆ? ತವರಿನಿಂದ ಕದ್ದು ತಂದ ಮಾತ್ರೆಯನ್ನು ಕದ್ದು ನುಂಗುವ ಸೊಸೆ ವೈದ್ಯರ ಮುಂದೆ ಬಾಯಿಬಿಡಲಾರಳು. ಆ ಮೌನದ ಹೊಣೆ ಆಕೆಯದಲ್ಲ, ನಮ್ಮದು.

ಮೊದಲೇ ನುಂಗಬೇಕಾದ ಮಾತ್ರೆ

ಅಂಗದೋಷವನ್ನು ತಡೆಯುವ ಮಾತ್ರೆಯೂ ಒಂದಿದೆ. ಅದು ಫೋಲಿಕ್ ಆಮ್ಲ. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಾಳವು ಗರ್ಭ ನಿಂತ ಇಪ್ಪತ್ತೆಂಟನೆಯ ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಬೆನ್ನುಹುರಿ ತೆರೆದೇ ಉಳಿದ ಮಗು ಹುಟ್ಟಬಹುದು. ಮೊದಲೊಂದು ಇಂತಹ ಮಗುವಾಗಿದ್ದ ತಾಯಂದಿರಿಗೆ ಗರ್ಭಕ್ಕೆ ಮೊದಲಿನಿಂದ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಕೊಟ್ಟಾಗ, ಅದೇ ದೋಷ ಮರುಕಳಿಸುವುದು ನೂರಕ್ಕೆ ಎಪ್ಪತ್ತೆರಡರಷ್ಟು ಕಡಮೆಯಾಯಿತೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲಿ ತೋರಿಸಿತು. ಸಾಮಾನ್ಯ ತಾಯಂದಿರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಅಪಸ್ಮಾರದವರಿಗೆ ಎಷ್ಟೆಂಬುದನ್ನು ವೈದ್ಯರು ಹೇಳುತ್ತಾರೆ. ಆದರೆ ಗರ್ಭ ಖಚಿತವಾಗಿ, ತಾಯಿ ಕಾರ್ಡ್ ಮಾಡಿಸಿ, ಮೊದಲ ಮಾತ್ರೆ ಕೈಸೇರುವ ಹೊತ್ತಿಗೆ ಆ ಇಪ್ಪತ್ತೆಂಟು ದಿನಗಳು ಬಹುತೇಕ ಕಳೆದಿರುತ್ತವೆ. ನಮ್ಮ ಮದುವೆಯ ಪೂರ್ವಸಿದ್ಧತಾ ಶಿಬಿರಗಳಲ್ಲಿ ಎಷ್ಟೋ ವಿಷಯಗಳನ್ನು ಬೋಧಿಸುತ್ತೇವೆ. ಈ ಒಂದು ಮಾತ್ರೆಯ ಮಾತನ್ನು ಎಷ್ಟು ಶಿಬಿರಗಳಲ್ಲಿ ಹೇಳಿದ್ದೇವೆ? ಈ ಲೋಪದಲ್ಲಿ ನನ್ನ ಪಾಲೂ ಇದೆ.

ನೋಡಿದವರು ಹೇಳಬೇಕು

ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಪಡ್ರೆ ಕನ್ನಡ ಮಾತನಾಡುವ ಊರು. ಅಲ್ಲಿನ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ತನ್ನ ರೋಗಿಗಳಲ್ಲಿ ಅಂಗದೋಷಗಳೂ ನರರೋಗಗಳೂ ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ ದನಿಯೆತ್ತಿದವರು ಹಳ್ಳಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಬರೆದು ಜನರಿಗೆ ತಲುಪಿಸಿದರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಹಿಡಿಯಿತು. ಅದು ಔಷಧವಲ್ಲ, ವಿಷ. ಆದರೂ ಪಾಠ ಒಂದೇ. ಲೆಂಜ್ ಆಗಲಿ, ಪಡ್ರೆಯ ವೈದ್ಯರಾಗಲಿ, ಕಂಡದ್ದನ್ನು ವಿಧಿಯೆಂದು ಸುಮ್ಮನಾಗಿದ್ದರೆ ಇನ್ನೆಷ್ಟು ತೊಟ್ಟಿಲುಗಳು ನೋಯುತ್ತಿದ್ದವೋ. ಇಂದು ಔಷಧದ ದುಷ್ಪರಿಣಾಮವನ್ನು ಯಾರು ಬೇಕಾದರೂ ಭಾರತ ಸರ್ಕಾರದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು.

ಹಾಗೆಂದು ಎಲ್ಲಕ್ಕೂ ಕಾರಣವನ್ನು ಹುಡುಕಿ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಯಾವ ಮಾತ್ರೆಯನ್ನೂ ಮುಟ್ಟದ ತಾಯಂದಿರಲ್ಲಿಯೂ ನೂರಕ್ಕೆ ಎರಡು ಮೂರು ಮಕ್ಕಳು ದೊಡ್ಡ ಅಂಗದೋಷದೊಡನೆ ಹುಟ್ಟುತ್ತವೆ. ಅಂಗದೋಷಗಳಲ್ಲಿ ಔಷಧದಿಂದ ಆದವು ಅತ್ಯಲ್ಪ. ಅನೇಕಕ್ಕೆ ಕಾರಣವೇ ಗೊತ್ತಾಗುವುದಿಲ್ಲ. ಅರಿಯದೆ ಮಾಡಿದ್ದು ಸ್ವೇಚ್ಛೆಯ ಕೃತ್ಯವಲ್ಲವೆಂದು ಅರಿಸ್ಟಾಟಲನ ಕಾಲದಿಂದ ನೀತಿಶಾಸ್ತ್ರ ಹೇಳುತ್ತ ಬಂದಿದೆ. ಪಾಪವಿಲ್ಲದಲ್ಲಿ ಪಾಪಪ್ರಜ್ಞೆಯನ್ನು ಹೇರುವ ಅಧಿಕಾರ ಅತ್ತೆಗೂ ಇಲ್ಲ, ನೆರೆಯವರಿಗೂ ಇಲ್ಲ, ಗುರುವಿಗೂ ಇಲ್ಲ. ಅಂಗದೋಷವಿರುವ ಮಕ್ಕಳಿಗಾಗಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಸೀಳುತುಟಿ, ತಿರುಚುಪಾದ, ಹುಟ್ಟಿನಿಂದ ಬಂದ ಹೃದಯದೋಷಗಳಿಗೆ ಅದರಡಿ ಉಚಿತ ಚಿಕಿತ್ಸೆಯುಂಟು. ಮಗುವನ್ನು ಸೆರಗಿನಲ್ಲಿ ಮುಚ್ಚುವ ಬದಲು ಆಶಾ ಕಾರ್ಯಕರ್ತೆಗೆ ತೋರಿಸಬೇಕು.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿ ಆಗಬೇಕಾದದ್ದು ದೊಡ್ಡದೇನಲ್ಲ. ಔಷಧದ ಅಂಗಡಿಯಲ್ಲಿ ಮೊದಲ ಮಾತೇ "ನಾನು ಬಸಿರಿ" ಎಂದಾಗಿರಲಿ. ತಿಂಗಳು ತಪ್ಪಿದ್ದರೆ ಅದನ್ನೂ ಹೇಳಲಿ. ಹೆಸರಿರುವ ಪಟ್ಟಿಯನ್ನೇ ಕೇಳಿ ಪಡೆಯಲಿ. ಕೆಂಪು ಗೆರೆಯಿರುವ ಪಟ್ಟಿಯ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳದಿರಲಿ. ಆಸ್ಪತ್ರೆಗೆ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಮದ್ದನ್ನೂ ಒಂದು ಚೀಲದಲ್ಲಿ ಹಾಕಿ ಒಯ್ದು ತೋರಿಸಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುವ ಏರ್ಪಾಡು 2016ರಿಂದ ಇದೆ; ಅಂದು ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲವೆಂದು ಗಂಡನೂ ಜೊತೆಗೆ ಹೋಗಲಿ.

ಆ ಜಗಲಿಯ ಮಗು ಈಗ ಅಂಗನವಾಡಿಗೆ ಹೋಗುತ್ತದೆ. ತುಟಿಯ ಮೇಲೆ ಸಣ್ಣದೊಂದು ಗೆರೆಯಷ್ಟೇ ಉಳಿದಿದೆ. ಕಳೆದ ತಿಂಗಳು ಅತ್ತೆಯೇ ಅದನ್ನು ಕಂಕುಳಲ್ಲಿ ಎತ್ತಿಕೊಂಡು ಪೂಜೆಗೆ ಬಂದಿದ್ದಳು. ಸೊಸೆ ಮತ್ತೆ ಬಸಿರಿ. "ಈ ಸಲ ಮೊದಲೇ ಡಾಕ್ಟರರನ್ನು ಕೇಳಿ, ಆ ಮಾತ್ರೆ ಶುರು ಮಾಡಿಸಿದ್ದೆ ಸ್ವಾಮಿ" ಎಂದಳು ಅತ್ತೆ.